ಗೊತ್ತಿದ್ದೂ ಹೇಳದವಳು

"ನನ್ನ ಮಾತ್ರೆ ಕೆಲಸ ಮಾಡಲ್ಲ ಅಂತ ಬರೆಯೋಕೆ ನೀವ್ಯಾರ್ರೀ?"

ಬಾಗಿಲು ತಳ್ಳಿಕೊಂಡು ಬಂದ ಹೃದ್ರೋಗದ ಡಾಕ್ಟರ್ ವರದಿಯನ್ನು ಮೇಜಿನ ಮೇಲೆ ಕುಕ್ಕಿದ. ಅವಳು ಕನ್ನಡಕ ಸರಿಮಾಡಿಕೊಂಡಳು. ಆಸ್ಪತ್ರೆಯ ಔಷಧಿ ಪರೀಕ್ಷೆಗಳ ಲೆಕ್ಕ ನೋಡುವುದು ಅವಳ ಕೆಲಸ. ಎಲ್ಲದಕ್ಕೂ ಪುರಾವೆ ಕೇಳುತ್ತಾಳೆಂದು ಅವಳಿಗೆ 'ಅನುಮಾನದಮ್ಮ' ಎಂದೇ ಹೆಸರಿಟ್ಟಿದ್ದರು.

"ಕೆಲಸ ಮಾಡಲ್ಲ ಅಂದಿಲ್ಲ ಡಾಕ್ಟ್ರೇ. ಇಷ್ಟು ಕಮ್ಮಿ ರೋಗಿಗಳಲ್ಲಿ ಅದು ಕಾಣ್ಸಲ್ಲ ಅಂದಿದ್ದೀನಿ. ಮಬ್ಬು ಬೆಳಕಲ್ಲಿ ಸೂಜಿ ಹುಡುಕಿ, ಸಿಗದಿದ್ರೆ ಸೂಜಿನೇ ಇಲ್ಲ ಅಂತೀರಾ?"

ಅವನು ವರದಿಯನ್ನು ಮತ್ತೆ ಕೈಗೆತ್ತಿಕೊಂಡ. ಆಮೇಲೆ ನಕ್ಕುಬಿಟ್ಟ... ಆ ನಗುವಿಗೆ ಯಾವ ಪುರಾವೆಯನ್ನೂ ಕೇಳದೆ ಅವಳು ಸೋತುಹೋದಳು!

ದುರ್ಬಲ ಹೃದಯದ ನೂರಾರು ರೋಗಿಗಳನ್ನು ಸೇರಿಸಿಕೊಂಡು ಇಬ್ಬರೂ ದೊಡ್ಡ ಪರೀಕ್ಷೆ ಶುರುಮಾಡಿದರು. ಅರ್ಧ ರೋಗಿಗಳಿಗೆ ಅಸಲಿ ಮಾತ್ರೆ, ಉಳಿದವರಿಗೆ ಅದೇ ಬಣ್ಣದ, ಔಷಧಿಯೇ ಇಲ್ಲದ ಪೊಳ್ಳು ಮಾತ್ರೆ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ಅವಳೊಬ್ಬಳಿಗೇ.

ಅವನ ಅಮ್ಮನದೂ ದಣಿದ ಹೃದಯ. "ಮಗನ ಮಾತ್ರೆಗೆ ನಾನೇ ಹೆದರಿದ್ರೆ ಊರವರು ಯಾಕೆ ನುಂಗ್ತಾರೆ?" ಎಂದು ಹಠ ಹಿಡಿದು ಸೇರಿಕೊಂಡರು. ಬಂದಾಗಲೆಲ್ಲ ಅವಳ ಕೆನ್ನೆ ತಟ್ಟಿ, "ನನ್ನನ್ನ ಅತ್ತೆ ಅಂತ ಯಾವಾಗಮ್ಮ ಕರೀತೀಯಾ?" ಎನ್ನುತ್ತಿದ್ದರು.

ಅವರ ಪಾಲಿಗೆ ಬಂದದ್ದು ಪೊಳ್ಳು ಮಾತ್ರೆ.

ಪರೀಕ್ಷೆಯ ಅರ್ಧದಲ್ಲಿ ಅವಳು ಲೆಕ್ಕ ಹಾಕಿದಳು. ಅಸಲಿ ಮಾತ್ರೆಯವರು ತುಸು ಚೆನ್ನಾಗಿದ್ದರು. ಆದರೆ ಅಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬಂದೀತು. ಈಗ ಬಾಯಿ ಬಿಟ್ಟರೆ ಪರೀಕ್ಷೆಯೇ ಕೆಟ್ಟು, ಮಾತ್ರೆ ಯಾರ ಪಾಲಿಗೂ ಇಲ್ಲ. ಬಿಡದಿದ್ದರೆ...? 'ಅಯ್ಯೋ, ಏನು ಮಾಡಲಿ ನಾನು!'

ಒಂದು ಸಂಜೆ ಅವನೇ ಅವಳ ಕೈ ಹಿಡಿದುಕೊಂಡ. "ಅಮ್ಮಂಗೆ ಸಿಕ್ಕಿರೋದು ಅಸಲಿ ಮಾತ್ರೆ ತಾನೇ? ಬಾಯಿ ಬಿಡ್ಬೇಡ, ತಲೆ ಆಡಿಸು ಸಾಕು."

ಅವಳು ಮುಖ ತಿರುಗಿಸಿಕೊಂಡಳು.

ಅಮ್ಮ ಹೋಗಿಬಿಟ್ಟರು.

ಕೊನೆಗೆ ಫಲಿತಾಂಶ ಬಂತು. ಮಾತ್ರೆ ಕೆಲಸ ಮಾಡುತ್ತದೆ! ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರಿಗೆ ಯಾವ ಮಾತ್ರೆ ಎಂಬುದು ಬಯಲಾದಾಗ ಅವನ ಮುಖ ಬಿಳಿಚಿಕೊಂಡಿತು.

"ನಿಂಗೆ ಗೊತ್ತಿತ್ತು... ಗೊತ್ತಿದ್ದೂ ನಮ್ಮಮ್ಮನ್ನ ಸಾಯೋಕೆ ಬಿಟ್ಟೆ!"

ಅವನು ಕೆಲಸ ಬಿಟ್ಟು ಹೊರಟುಹೋದ. ಅವಳು ದಿನವೂ ಅದೇ ಕುರ್ಚಿಯಲ್ಲಿ ಕೂತು ಬೇರೆಯವರ ಔಷಧಿಗಳ ಲೆಕ್ಕ ನೋಡಿದಳು. ಬಾಗಿಲು ಸದ್ದಾದಾಗಲೆಲ್ಲ ತಲೆಯೆತ್ತಿ ನೋಡುತ್ತಿದ್ದಳು.

ವರ್ಷ ಉರುಳಿದ ಮೇಲೆ ಆ ಬಾಗಿಲು ಮೆಲ್ಲಗೆ ತೆರೆಯಿತು. ಅವನೇ! ಸೊರಗಿ ಅರ್ಧವಾಗಿದ್ದ.

"ಪರೀಕ್ಷೆಯ ಅರ್ಧದಾರಿಯ ಲೆಕ್ಕ ನಾನೇ ಕೂತು ಹಾಕ್ದೆ," ಎಂದ. "ನಿನ್ನ ತಪ್ಪು ಹಿಡೀಬೇಕು ಅಂತ ಬೇರೆ ಬೇರೆ ವಿಧಾನದಲ್ಲಿ ಹಾಕ್ದೆ. ಯಾವುದ್ರಲ್ಲಿ ನೋಡಿದ್ರೂ ಒಂದೇ ಉತ್ತರ... ಮಾತ್ರೆ ಕೆಲಸ ಮಾಡುತ್ತೆ ಅಂತ ಆಗಲೇ ಹೇಳೋಕಾಗ್ತಿರಲಿಲ್ಲ."

"ನಾನೂ ಹಾಗೇ ಹಾಕ್ತಿದ್ದೆ." ಅವಳು ಕನ್ನಡಕ ತೆಗೆದಳು. "ದಿನಾ... ಒಂದು ಸಲನಾದ್ರೂ ಬೇರೆ ಉತ್ತರ ಬರ್ಲಿ, ಎಲ್ರಿಗೂ ಅಸಲಿ ಮಾತ್ರೆ ಸಿಗ್ಲಿ, ಅತ್ತೆ ಉಳ್ಕೊಳ್ಲಿ ಅಂತ!"

ಅತ್ತೆ! ಅಮ್ಮ ಕೇಳಿಸಿಕೊಳ್ಳದೇ ಹೋದ ಆ ಮಾತು ಕೇಳಿ ಅವನು ಅವಳ ಎದುರಿಗೆ ಕೂತ.

"ಅದನ್ನೆಲ್ಲ ಒಬ್ಬಳೇ ಹೊತ್ಕೊಂಡಿದ್ಯಲ್ಲೇ... ನಾನು ಮೇಲಿಂದ ಕಲ್ಲು ಹೇರಿ ಹೋದೆ. ಕ್ಷಮಿಸ್ತೀಯಾ? ನನ್ನ ಮೇಲೆ ಇನ್ನೂ ಪ್ರೀತಿ ಇದೆಯಾ?"

ಅವಳಿಗೆ ಮಾತು ಹೊರಡಲಿಲ್ಲ.

"ಬಾಯಿ ಬಿಡ್ಬೇಡ," ಎಂದ ಅವನು, ಒದ್ದೆ ಕಣ್ಣಲ್ಲೇ. "ತಲೆ ಆಡಿಸು ಸಾಕು."

ಅವಳು ಬಿಕ್ಕುತ್ತಲೇ ಹೌದೆಂದು ತಲೆಯಾಡಿಸಿದಳು.