ಹಿಂದಿನ ಸೀಟಿನ ಭಾರ

ಇದು ನಡೆದದ್ದು ಹಾಡಹಗಲಲ್ಲಿ, ನನ್ನದೇ ಗ್ಯಾರೇಜಿನಲ್ಲಿ. ಈಗ ಹೇಳುವಾಗಲೂ ನೋಡಿ, ಮೈ ಜುಂ ಎನ್ನುತ್ತದೆ!

ಟೀಚರಮ್ಮ ಒಬ್ಬರು ಕಾರು ತಂದಿದ್ದರು. ಹಿಂಭಾಗ ಎಡಕ್ಕೆ ಕುಸಿದಿತ್ತು. ಡಿಕ್ಕಿ ಖಾಲಿ, ಟೈರಿನ ಗಾಳಿಯೂ ಸರಿಯಾಗಿತ್ತು. ಬಗ್ಗಿ ನೋಡಿದರೆ ಹೊಚ್ಚಹೊಸ ಸ್ಪ್ರಿಂಗು, ಆದರೂ ಭಾರ ಹೊತ್ತ ಹಾಗೆ ಅದುಮಿಕೊಂಡಿತ್ತು.

"ಹೋದ ವಾರ ತಾನೇ ಹಾಕಿಸಿದ್ದು ಕಣಪ್ಪಾ," ಎಂದರು ಅವರು.

ಹಿಂದಿನ ಬಾಗಿಲು ತೆಗೆದು ಸೀಟು ಮುಟ್ಟಿದೆ. ಗಾಡಿಯೆಲ್ಲ ಬಿಸಿಲಿಗೆ ಕಾದಿತ್ತು, ಆ ಎಡಬದಿ ಮಾತ್ರ ತಣ್ಣಗೆ ಕೊರೆಯುತ್ತಿತ್ತು.

ಜಾಕ್ ಹಾಕುವ ಮುಂಚೆ ದಿನಾ ಹೇಳಿ ಹೇಳಿ ಬಾಯಿಗೆ ರೂಢಿಯಾದ ಮಾತು ತಾನಾಗಿಯೇ ಬಂದುಬಿಟ್ಟಿತು:

"ಹಿಂದೆ ಕೂತಿರೋರು ಸ್ವಲ್ಪ ಇಳ್ಕೊಳ್ಳಿ."

ಸ್ಪ್ರಿಂಗು ಕಿರ್ರೆಂದಿತು. ನಮ್ಮ ಕಣ್ಣೆದುರಿಗೇ ಗಾಡಿ ಮೆಲ್ಲಗೆ ಮೇಲೆದ್ದು ಸಮನಾಗಿ ನಿಂತಿತು!

"ಅಯ್ಯೋ, ಸರಿಹೋಯ್ತಲ್ಲಪ್ಪಾ! ಏನ್ ಮಾಡ್ದೆ?" ಟೀಚರಮ್ಮ ಚಪ್ಪಾಳೆ ತಟ್ಟಿದರು.

"ಏನೂ ಇಲ್ಲಮ್ಮಾ, ನೀವು ಮೊದ್ಲು ಹೊರಡಿ," ಎಂದೆ. ಯಾಕೆಂದರೆ ಗಿರಾಕಿಗಳು ಕೂರಲೆಂದು ಹಾಕಿದ್ದ ಬೆಂಚು ನನ್ನ ಬೆನ್ನ ಹಿಂದೆ ಆಗಷ್ಟೇ ಕಿರ್ರೆಂದಿತ್ತು.

ಖಾಲಿ ಬೆಂಚು. ಆದರೂ ಅದರ ಹಲಗೆ ಇವತ್ತಿಗೂ ನಡುವೆ ಬಾಗಿಯೇ ಇದೆ, ಮುಟ್ಟಿದರೆ ತಣ್ಣಗಿದೆ. ಏಳಿ ಅನ್ನಲು ನನಗೆ ಬಾಯಿ ಬರುತ್ತಿಲ್ಲ. ಪಕ್ಕದಲ್ಲೇ ನನ್ನ ಕಾರು ನಿಂತಿರುತ್ತದೆ.