ರೌಂಡ್ಸ್ ಮುಗಿದ ಮೇಲೆ

“ನೀವು ಪೇಷಂಟ್ ಕಡೆಯವರಾ? ರೌಂಡ್ಸ್ ಟೈಮಲ್ಲಿ ಇಲ್ಲಿ ಕೂರೋ ಹಾಗಿಲ್ಲ. ಹೊರಗಿರಿ.”

ಮುದುಕ ಟೈಲರನ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಿದ್ದವನು ಎದ್ದು ಹೋದ. ರೌಂಡ್ಸ್ ಮುಗಿಯುತ್ತಲೇ ಆಸ್ಪತ್ರೆಯ ಮುಖ್ಯಸ್ಥರು ಅದೇ ಮನುಷ್ಯನನ್ನು, ಅವನನ್ನು ಗದರಿದ್ದ ಡಾಕ್ಟರಮ್ಮನ ಕೋಣೆಗೆ ಕರೆತಂದರು. ಅವನೂ ಡಾಕ್ಟರ್. ಹಿರಿಯ ವೈದ್ಯರು ವಾರ್ಡಿನಲ್ಲಿ ಕಿರಿಯರಿಗೆ ಹೇಗೆ ಕಲಿಸುತ್ತಾರೆಂದು ನೋಡಿ, ಇನ್ನೂ ಚೆನ್ನಾಗಿ ಕಲಿಸಲು ನೆರವಾಗುವುದಕ್ಕೆ ಕೆಲವು ತಿಂಗಳ ಮಟ್ಟಿಗೆ ಬಂದವನು.

ಅವಳ ಕಿವಿ ಬಿಸಿಯಾಯಿತು. “ಡಾಕ್ಟರ್ ಅಂತ ಹೇಳೋದಲ್ವಾ?”

“ಹೇಳೋಕೆ ನೀವು ಬಿಟ್ರೆ ತಾನೆ?” ಅವನ ತುಟಿ ನಗಲಿಲ್ಲ. ಕಣ್ಣು ನಕ್ಕಿತು.

ಆ ವಾರ್ಡಿಗೆ ಅವಳೇ ಹಿರಿಯಳು. ನಲವತ್ತು ದಾಟಿದ್ದಳು. ಮನೆಯಲ್ಲಿ ಅಮ್ಮ ಮದುವೆಯ ಮಾತೆತ್ತುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಕಿರಿಯ ಡಾಕ್ಟರುಗಳು ಅವಳ ಬೆನ್ನ ಹಿಂದೆ ‘ಗುಡುಗಮ್ಮ’ ಎನ್ನುತ್ತಿದ್ದರು. ಗುಂಪಿನ ಹಿಂದೆ ಕೈಕಟ್ಟಿ ನಿಲ್ಲುತ್ತಿದ್ದ ಅವನಿಗೂ ಎರಡೇ ದಿನದಲ್ಲಿ ‘ಹಿಂದಿನ ಬೆಂಚು’ ಎಂದು ಹೆಸರು ಬಿತ್ತು.

ಅವನ ನೋಟ ಅವಳನ್ನು ಮುಜುಗರಕ್ಕೆ ಸಿಲುಕಿಸುತ್ತಿತ್ತು. ಒಮ್ಮೆ ಸ್ಟೆತಾಸ್ಕೋಪಿಗೆ ಕೂದಲು ಸಿಕ್ಕಿಕೊಂಡು, ಬಿಡಿಸಿಕೊಂಡು ತಲೆಯೆತ್ತಿದರೆ, ಅವನು ಕಿಟಕಿಯಾಚೆ ನೋಡುತ್ತಿದ್ದ. ಆಗತಾನೇ ಕಣ್ಣು ತಿರುಗಿಸಿಕೊಂಡವನ ಹಾಗೆ.

ಒಂದು ಸಂಜೆ ಕ್ಯಾಂಟೀನಿನಲ್ಲಿ ಅವಳೇ ಅವನ ಎದುರು ಕೂತಳು. “ಹೇಳಿ. ನನ್ನಲ್ಲಿ ಏನು ಕೊರತೆ ಕಂಡಿರಿ?”

“ಪ್ರಶ್ನೆ ಚೆನ್ನಾಗಿ ಕೇಳ್ತೀರಿ. ಉತ್ತರ ಬರೋ ಮೊದಲೇ ಮುಂದಿನ ಮಂಚಕ್ಕೆ ಹೋಗ್ಬಿಡ್ತೀರಿ.”

“ನಾನೂ ಬೈಸಿಕೊಂಡೇ ಕಲ್ತಿದ್ದು.”

“ಹೌದು,” ಎಂದ ಅವನು ಮೆಲ್ಲಗೆ. “ಬೈಯೋದನ್ನೂ ಅಲ್ಲೇ ಕಲ್ತಿದ್ದೀರಿ.”

ಅವಳು ಅರ್ಧ ಕುಡಿದ ಕಾಫಿ ಬಿಟ್ಟು ಎದ್ದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತಿಗೆ ಒಂದು ಖಡಕ್ ಉತ್ತರ ಹುಡುಕಿದಳು.

ಟೈಲರ್ ಮನೆಗೆ ಹೋಗಬೇಕಿದ್ದ ದಿನ ಬಂತು. ನ್ಯುಮೋನಿಯಾ ಇಳಿದಿತ್ತು. ಹೆಂಡತಿ ಬಟ್ಟೆ ಮಡಿಚಿ ಚೀಲಕ್ಕೆ ತುಂಬುತ್ತಿದ್ದಳು.

“ಇವರನ್ನ ಕಳಿಸಬಹುದಾ?” ಎಂದು ರೌಂಡ್ಸಿಗೆ ಬಂದ ಡಾಕ್ಟರಮ್ಮ ಕಿರಿಯ ಡಾಕ್ಟರ್ ಹುಡುಗಿಯನ್ನು ಕೇಳಿದಳು.

“ಮೇಡಂ, ಇವರ ಎಡಗಾಲು...”

“ಎದೆ ಬಗ್ಗೆ ಕೇಳಿದ್ರೆ ಕಾಲು ಅಂತೀಯಲ್ಲ? ನ್ಯುಮೋನಿಯಾ ಕಾಲಿಗೂ ಬರುತ್ತಾ?”

ಎಲ್ಲರೂ ನಕ್ಕರು. ಟೈಲರೂ ನಕ್ಕ. ಹುಡುಗಿ ತಲೆ ತಗ್ಗಿಸಿದಳು. ಗುಂಪು ಮುಂದೆ ಸಾಗಿತು.

ಮಧ್ಯಾಹ್ನ ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಟೈಲರ್ ಎದೆ ಹಿಡಿದು ಕುಸಿದ. ಕಾಲಿನಲ್ಲಿ ಹೆಪ್ಪುಗಟ್ಟಿದ್ದ ರಕ್ತ ಶ್ವಾಸಕೋಶಕ್ಕೆ ಹೋಗಿ ಕೂತಿತ್ತು. ಡಾಕ್ಟರಮ್ಮನೇ ಅವನ ಎದೆಯ ಮೇಲೆ ಕೈಯಿಟ್ಟು ಒತ್ತಿದಳು, ತೋಳು ಸೋಲುವ ತನಕ. ಉಸಿರು ಮರಳಲಿಲ್ಲ.

ಹುಡುಗಿ ಹಾಸಿಗೆ ಬಟ್ಟೆ ಇಡುವ ಕೋಣೆಯ ಮೂಲೆಯಲ್ಲಿ ಬಿಕ್ಕುತ್ತಿದ್ದಳು. “ಕಾಲು ಊದಿತ್ತು ಮೇಡಂ. ಮತ್ತೆ ಹೇಳಿದ್ರೆ ಮತ್ತೆ ನಗ್ತಾರೆ ಅಂತ...”

ಹುಡುಗಿಯ ಬಳಿಯಿಂದ ಅವಳು ಹೊರಬಂದಾಗ ಆ ಹೊಸ ಡಾಕ್ಟರ್ ಗೋಡೆಗೊರಗಿ ನಿಂತಿದ್ದ. ‘ನಿಮ್ಮ ತಪ್ಪಲ್ಲ’ ಎನ್ನುತ್ತಾನೆಂದು ಅವಳ ಮನಸ್ಸು ಆಸೆಪಟ್ಟಿತು.

“ಅವಳು ಹೇಳಿದ್ದು ನನಗೂ ಕೇಳಿಸ್ತು,” ಎಂದ. “ಎಲ್ಲರ ಎದುರಿಗೆ ನಿಮ್ಮನ್ನ ತಡೆಯೋದು ಬೇಡ, ಸಂಜೆ ಹೇಳಿದ್ರಾಯ್ತು ಅಂತ ಸುಮ್ಮನಿದ್ದೆ. ಕಲಿಸೋಕೆ ಬಂದವನು ನಾನು.”

ಅವನ ಮುಖದಲ್ಲಿ ರಕ್ತವಿರಲಿಲ್ಲ. ತನ್ನೊಳಗಿನ ಭಾರವನ್ನೇ ಹೊತ್ತ ಇನ್ನೊಂದು ಜೀವ ಎದುರು ನಿಂತಿದೆ ಎಂದು ಅವಳಿಗೆ ಅನ್ನಿಸಿತು.

“ಅವರ ಹೆಂಡತಿಗೆ ನಾನೇ ಹೇಳ್ಬೇಕು,” ಎಂದಳು.

“ನಾನೂ ಬರ್ತೀನಿ.”

ಇಬ್ಬರೂ ಆ ಹೆಂಗಸಿನ ಎದುರು ಕೂತರು. ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ. “ನಮ್ಮ ಹುಡುಗಿ ಹೇಳೋಕೆ ಬಂದಳು. ನಾನು ಕೇಳಿಸ್ಕೊಳ್ಳಲಿಲ್ಲ, ಅಮ್ಮ.”

“ನಾನು ಕೇಳಿಸ್ಕೊಂಡೆ,” ಎಂದ ಅವನು. “ಬಾಯಿ ಬಿಡಲಿಲ್ಲ.”

ಮುದುಕಿ ಇಬ್ಬರನ್ನೂ ನೋಡಿದಳು. “ಬೆಳಿಗ್ಗೆ ಅವರು ನಗ್ತಾ ಇದ್ರು,” ಎಂದಷ್ಟೇ ಹೇಳಿ, ಚೀಲ ಅಪ್ಪಿಕೊಂಡು ಮುಖ ತಿರುಗಿಸಿದಳು. ಕ್ಷಮೆ ಸಿಗಲಿಲ್ಲ. ಕೇಳುವ ಧೈರ್ಯವೂ ಅವರಿಗಿರಲಿಲ್ಲ.

ಮರುದಿನ ಖಾಲಿ ಮಂಚದ ಬಳಿ ಎಲ್ಲರನ್ನೂ ನಿಲ್ಲಿಸಿ ಅವಳು ಹೇಳಿದಳು: “ನಿನ್ನೆ ಇವಳು ಹೇಳಿದ್ದೇ ಸರಿ. ತಪ್ಪು ನನ್ನದು. ಇನ್ಮೇಲೆ ಎಲ್ಲರಿಗಿಂತ ಚಿಕ್ಕವರು ಮೊದಲು ಮಾತಾಡ್ತಾರೆ. ನಾನು ಕೊನೆಗೆ.”

ಹೇಳಿದಷ್ಟು ಸುಲಭವಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಅವಳೇ ಗೊಣಗುತ್ತಿದ್ದಳು. ಸಂಜೆ ಖಾಲಿ ಕ್ಲಾಸ್‌ರೂಮಿನಲ್ಲಿ ಅಭ್ಯಾಸಕ್ಕೆಂದು ಅವನು ಶಿಷ್ಯನಾಗುತ್ತಿದ್ದ, ಅವಳು ಪ್ರಶ್ನೆ ಕೇಳಿ ಕಾಯುತ್ತಿದ್ದಳು. ಅವನು ಬೇಕೆಂದೇ ತಲೆ ಕೆರೆಯುತ್ತ, ಸೀಲಿಂಗ್ ನೋಡುತ್ತ ಹೊತ್ತು ಕಳೆಯುತ್ತಿದ್ದ.

“ಇಷ್ಟೊತ್ತಾ? ನೀವು ಪಾಸಾಗಿದ್ದಾದ್ರೂ ಹೇಗೆ ಮಾರಾಯ್ರೇ?”

“ನೋಡಿ, ಗುಡುಗು ಬಂತು!”

ಇಬ್ಬರೂ ನಕ್ಕರು. ನಕ್ಕ ಮರುಗಳಿಗೆ ಇಬ್ಬರಿಗೂ ಟೈಲರ್ ನೆನಪಾದ. ಅವನು ಮೇಜಿನ ಮೇಲಿದ್ದ ಅವಳ ಕೈಯ ಪಕ್ಕ ತನ್ನ ಕೈ ಇಟ್ಟ. ಮುಟ್ಟಲಿಲ್ಲ. ಅವಳೂ ಕೈ ಎಳೆದುಕೊಳ್ಳಲಿಲ್ಲ.

ತಿಂಗಳುಗಳು ಉರುಳಿದವು. ಹುಡುಗಿ ಈಗ ರೌಂಡ್ಸಿನಲ್ಲಿ “ಇಲ್ಲ ಮೇಡಂ, ನನಗೆ ಹಾಗನ್ನಿಸಲ್ಲ” ಎನ್ನುವಷ್ಟು ಗಟ್ಟಿಯಾಗಿದ್ದಳು. ಅವನಿಗೆ ಬೇರೆ ಊರಿನ ಆಸ್ಪತ್ರೆಯಿಂದ ಕರೆ ಬಂತು.

ಕೊನೆಯ ದಿನ ರೌಂಡ್ಸ್ ಮುಗಿಸಿ ಇಬ್ಬರೂ ಮೆಟ್ಟಿಲಿಳಿದರು. ಟೈಲರ್ ಕುಸಿದಿದ್ದ ತಿರುವಿನಲ್ಲಿ ಕಾಲುಗಳು ತಾವಾಗಿಯೇ ನಿಂತವು.

“ಹೋಗ್ಬೇಡಿ ಅನ್ನೋದು ಸರಿಯಲ್ಲ,” ಎಂದಳು. “ಅಲ್ಲೂ ಕಲಿಯೋ ಮಕ್ಕಳಿದ್ದಾರೆ. ಆದ್ರೆ ಹೋಗ್ತಿದ್ದೀರಿ ಅಂದ್ರೆ ನನಗೆ ಸಂಕಟ ಆಗುತ್ತೆ. ಇಷ್ಟು ವಯಸ್ಸಿಗೆ ಇದೇನು ಅಂತ ನಾಚಿಕೆನೂ ಆಗುತ್ತೆ.”

ಅವನು ಅವಳನ್ನೇ ನೋಡಿದ. ಈ ಸಲ ಕಣ್ಣು ತಿರುಗಿಸಲಿಲ್ಲ.

“ಅಲ್ಲಿ ಕೆಲಸ ಆರು ತಿಂಗಳದ್ದು. ಆಮೇಲೆ ಅಲೆದಾಟ ಸಾಕು. ಇದೇ ಊರಲ್ಲಿ, ನಿಮ್ಮ ಜೊತೆ ಇರ್ಬೇಕು ಅಂತ ಆಸೆ. ಮದುವೆ ಆಗೋಣವಾ?”

“ಹೂಂ,” ಎಂದಳು.

ಟೈಲರ್ ಸತ್ತ ದಿನವೂ ಅವಳು ಅತ್ತಿರಲಿಲ್ಲ. ಈಗ, ಕಿರಿಯ ಡಾಕ್ಟರುಗಳು ಹತ್ತಿ ಇಳಿಯುವ ಮೆಟ್ಟಿಲ ಮೇಲೆ ಕೂತು, ಮುಖ ಮುಚ್ಚಿಕೊಳ್ಳದೆ ಅತ್ತಳು. ಅವನು ಅವಳ ಕೈಚೀಲ ತೆಗೆದುಕೊಂಡು ಪಕ್ಕದಲ್ಲಿ ಕೂತ. ಇಳಿದು ಬರುತ್ತಿದ್ದ ಹುಡುಗಿ ಇಬ್ಬರನ್ನೂ ಕಂಡು ಗಕ್ಕನೆ ನಿಂತಳು.

“ಬಾ,” ಎಂದಳು ಅವಳು, ಸರಿದು ದಾರಿ ಬಿಡುತ್ತ. “ನಿನ್ನ ಪೇಷಂಟ್ ಕಾಯ್ತಿರ್ತಾರೆ.”