ಕಾಗೆಕುದ್ರುವಿನ ನಾನೂರ ಹನ್ನೆರಡು ಮಂದಿ

“ಹ್ವಾಯ್ ಉಮಾನಾಥಣ್ಣ, ನಮ್ ಪಟ್ಟಿ ಇಲ್ಲೆ! ಕಪಾಟ್ ಖಾಲಿ!”

ಸುಗುಣ ಪಂಚಾಯತ್ ಗ್ರಂಥಾಲಯಕ್ಕೆ ನುಗ್ಗಿದಾಗ ಬೆಳಿಗ್ಗೆ ಒಂಬತ್ತು ಗಂಟೆ. ಮೊಣಕಾಲವರೆಗೆ ಹಸಿ ಕೆಸರು. ಆಗಷ್ಟೇ ಒರೆಸಿದ ನೆಲ ಹಾಳಾಯಿತೆಂದು ಬೈಯಲು ಬಾಯಿ ತೆರೆದ ನಾನು ಅವಳ ಮುಖ ಕಂಡು ಒರೆಸುವ ಬಟ್ಟೆ ಕೆಳಗಿಟ್ಟೆ.

ನಮ್ಮದು ಹಂಗಾರಕಟ್ಟೆಗೆ ಹತ್ತಿರದ ಹೊಳೆದಂಡೆಯ ಊರು. ಎದುರಿಗೆ, ನೀರಿನ ನಡುವೆ, ಕಾಗೆಕುದ್ರು ಎಂಬ ನಡುಗಡ್ಡೆ. ಅಜ್ಜನ ಕಾಲಕ್ಕೆ ಅಲ್ಲಿ ಹನ್ನೊಂದು ಮನೆ, ಈಗ ಎಂಬತ್ತಾರು. ತಾಲೂಕು ಉಡುಪಿ ಹೋಗಿ ಬ್ರಹ್ಮಾವರವಾಯಿತು. ಕುದ್ರುವಿನಲ್ಲೇ ವಾಸವಿರುವ ಒಬ್ಬನೂ ಸದಸ್ಯನಾಗಿ ಪಂಚಾಯತಿಗೆ ಬಂದದ್ದಿಲ್ಲ, ಸೇತುವೆ ಕೇಳುವವರೂ ಇಲ್ಲ. ನಾನೂರು ಜನಕ್ಕೊಬ್ಬ ಸದಸ್ಯ ಎಂಬ ನಿಯಮ ಹಿಡಿದು ಅಲ್ಲಿಯವಳೇ ಆದ ಸುಗುಣ ಮನೆಮನೆ ತಿರುಗಿ ನಾನೂರ ಹನ್ನೆರಡು ಮಂದಿಯ ಪಟ್ಟಿ ಮಾಡಿದ್ದಳು. ಅಂದು ಮೂರು ಗಂಟೆಗೆ ಬರುವ ಅಧಿಕಾರಿಗೆ ಅದನ್ನು ಕೊಟ್ಟರೆ ಪ್ರತ್ಯೇಕ ವಾರ್ಡು. ಇಲ್ಲದಿದ್ದರೆ ಇನ್ನೈದು ವರ್ಷ ಕಾಯಬೇಕು.

ಏಳೂವರೆಗೆ ಗ್ರಂಥಾಲಯ ತೆರೆಯುವಾಗ ಪಕ್ಕದ ಪಂಚಾಯತ್ ಕಚೇರಿಯ ಗಾಜಿನ ಕಪಾಟಿನಲ್ಲಿ ಪಟ್ಟಿಯನ್ನು ನಾನೇ ಕಂಡಿದ್ದೆ. ಬೀಗದಕೈ ಹಂಚಿನ ಸಂದಿಯಲ್ಲಿರುವುದು ನನ್ನನ್ನು ಬಿಟ್ಟರೆ ಮೂವರಿಗೆ ಗೊತ್ತು: ಸುಗುಣ, ಕಂಪ್ಯೂಟರ್ ಕೆಲಸದ ರೋಹನ್, ಕುದ್ರುವೂ ಸೇರಿರುವ ಈಗಿನ ವಾರ್ಡಿನ ಸದಸ್ಯ ಶೈಲೇಶ್.

ಶೈಲೇಶ್ ಆಗಲೇ ಅಂಗಳದಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದ. “ಸುಳ್ಳ್ ಹೆಸ್ರ್ ಬರ್ದ್, ಹೆದ್ರಿ ಇವ್ಳೇ ತೆಗ್ದದ್ದ್!”

ಸುಗುಣ ಅಳತೊಡಗಿದಳು. ನನಗೆ ಮೈ ಉರಿಯಿತು. ಅಷ್ಟರಲ್ಲಿ ರೋಹನ್ ಜೊತೆ ಬಸ್ಸಿನಿಂದ ಇಳಿದಳು ನಮ್ಮ ಪದ್ದಕ್ಕ. ಮೂವತ್ತು ವರ್ಷದಿಂದ ಮನೆಮನೆಗೆ ಮೀನು ಮಾರುವವಳು. ಊರಲ್ಲಿ ಏನು ಕಳೆದರೂ ಪೊಲೀಸರಿಗಿಂತ ಮೊದಲು ಅವಳಿಗೇ ಕರೆ.

ಎಲ್ಲ ಕೇಳಿ ಅವಳು ಬುಟ್ಟಿ ಇಳಿಸಿದಳು. “ಶೈಲೇಶ, ನೀನ್ ಬೆಳಿಗ್ಗೆ ಎಲ್ಲಿದ್ದೆ?”

“ಕುದ್ರುವಲ್ಲ್, ನನ್ ಹೆತ್ತ ಅಬ್ಬಿನ್ ಕಾಂಬುಕೆ ಹೋಯಿದ್ದೆ. ಎಂಟೂವರೆಗೆ ದೋಣಿಯಲ್ಲ್ ಬಂದೆ.”

“ಎಲ್ಲಿ ಇಳ್ದೆ?”

“ಕಟ್ಟೆ ಮೆಟ್ಲ್ ಮೇಲೇ ಇಳ್ದೆ. ಕಾಲ್ ಸಹ ಒದ್ದೆ ಆಯ್ಲಿಲ್ಲ. ಎಂತಕ್ಕೆ?”

“ಎಂತ ಇಲ್ಲೆ” ಎಂದಳು ಪದ್ದಕ್ಕ. ಅವಳ ಕಣ್ಣು ಮಿಂಚಿದ್ದನ್ನು ನಾನು ಕಂಡೆ. ಕಳ್ಳ ಸಿಕ್ಕಿದ!

ಹನ್ನೆರಡಕ್ಕೆ ಅವಳು ಎಲ್ಲರನ್ನೂ ನನ್ನ ಓದುವ ಕೋಣೆಯಲ್ಲಿ ಕೂರಿಸಿದಳು.

“ಏಳೂವರೆಗೆ ಪಟ್ಟಿ ಇತ್ತ್, ಒಂಬತ್ತಕ್ಕೆ ಇಲ್ಲೆ. ರೋಹನ್ ಆ ಹೊತ್ತಿಗೆ ದೂರದ ತಲ್ಲೂರಲ್ಲ್ ನನ್ ಜೊತೆಗೇ ಬಸ್ ಹತ್ತಿದ್ದ್. ಸುಗುಣನ ಕಾಲಂಗೆ ಹಸಿ ಕೆಸ್ರ್ ಇತ್ತ್, ಅಂದ್ರೆ ಆಗಷ್ಟೇ ಹೊಳೆ ದಾಟಿದ್ಳ್. ಇನ್ನ್ ಶೈಲೇಶ. ಹುಣ್ಣಿಮೆ ಕಳ್ದ್ ನಾಕ್ ದಿನ ಆಯ್ತ್. ಇವತ್ತ್ ಎಂಟೂವರೆಗೆ ಪೂರಾ ಇಳ್ತ. ನೀರ್ ಹಿಂದೆ ಹೋಯಿ, ಮೆಟ್ಲಿಂದ ಐವತ್ತ್ ಹೆಜ್ಜೆ ಬರೀ ಕೆಸ್ರ್. ದೋಣಿ ಮೆಟ್ಲಿಗೆ ಹ್ಯಾಂಗೆ ಬಂತ್ ಮಗಾ?”

ಶೈಲೇಶ್ ಬಾಗಿಲಿನತ್ತ ಕಣ್ಣು ಹಾಯಿಸಿದ.

“ಹೊಳೆ ದಾಟುವವ್ರ್ ಯಾರೂ ಈ ತಪ್ಪ್ ಮಾಡುದಿಲ್ಲೆ. ಪೇಟೆಯಲ್ಲ್ ಮನೆ ಕಟ್ಟಿದ್ ಮೇಲೆ ನೀನ್ ಭರ್ತ-ಇಳ್ತ ಮರ್ತ್ ಬಿಟ್ಟೆ. ಕುದ್ರು ಬೇರೆ ವಾರ್ಡ್ ಆದ್ರೆ ನಿನ್ ಸೀಟ್ ಹೋತ್ತ್, ಅಲ್ದಾ?”

“ಹೊಳೆಗೆ ಹಾಕ್ದೆ” ಎಂದ ಅವನು, ನೆಲ ನೋಡುತ್ತ.

ಸುಗುಣ ತಲೆಯ ಮೇಲೆ ಕೈ ಹೊತ್ತಳು. ಕಳ್ಳ ಸಿಕ್ಕಿ ಏನು ಬಂತು, ಪಟ್ಟಿಯೇ ಇಲ್ಲವಲ್ಲ! ಪದ್ದಕ್ಕ ಮಾತ್ರ ನಕ್ಕಳು. “ಹೆಸ್ರ್ ನೀರಿಗೆ ಹೋಯ್ತ್, ಜನ ಹೋಯ್ಲಿಲ್ಲ. ಫೋನ್ ಮಾಡ್. ರೇಷನ್ ಕಾರ್ಡ್ ಹಿಡ್ಕಂಡ್ ಎಲ್ಲ ಬರ್ಲಿ. ಈಗ ಭರ್ತ ಏರ್ತಾ ಇತ್ತ್.”

ಎರಡೂವರೆಗೆ ಹೊಳೆ ತುಂಬಿತು. ಆಹಾ, ಆ ನೋಟ! ಇದ್ದಬದ್ದ ದೋಣಿಗಳೆಲ್ಲ ಜನ ತುಂಬಿಕೊಂಡು ಸಾಲಾಗಿ ಬಂದು, ಇಳಿಸಿ, ಮತ್ತೆ ಹೊರಟವು. ನಾನು ದಂಡೆಯಲ್ಲಿ ನಿಂತು ಸಣ್ಣ ಮಕ್ಕಳ ಹಾಗೆ ಕೂಗಿದೆ. ಅಧಿಕಾರಿ ಮೊದಲು ಗಾಬರಿಯಾದರು, ಆಮೇಲೆ ಕುರ್ಚಿಯನ್ನು ಅಂಗಳಕ್ಕೇ ತರಿಸಿ ಕಾರ್ಡು ನೋಡಿ ಬರೆಯತೊಡಗಿದರು. ಸಂಜೆಗೆ ಎಣಿಕೆ ನಾನೂರು ದಾಟಿತು. ಸುಗುಣ ನನ್ನ ಕೈ ಹಿಡಿದು ಕುಣಿದಳು.

ಸಾಲಿನ ಕೊನೆಗೆ ಕೋಲೂರಿಕೊಂಡು ಒಬ್ಬ ಮುದುಕಿ ಬಂದಳು.

“ಹೆಸರಮ್ಮ?” ಎಂದರು ಅಧಿಕಾರಿ.

“ಚಂದು. ಈ ಶೈಲೇಶನ ಅಬ್ಬಿ. ಆರ್ ವರ್ಷದಿಂದ ಇವ್ನ್ ಮುಖ ಕಂಡದ್ದಿಲ್ಲೆ. ನಂದ್ ಸುಳ್ಳ್ ಹೆಸ್ರಲ್ಲ, ಬರ್ಕಣಿ.”

ಶೈಲೇಶ್ ಓಡಿಹೋಗಿ ಅವಳಿಗೊಂದು ಕುರ್ಚಿ ತಂದಿಟ್ಟ. ಅವಳು ಕೂರಲಿಲ್ಲ. ಹೆಬ್ಬೆಟ್ಟು ಒತ್ತಿ, ಸುಗುಣನ ಕೈ ಹಿಡಿದು ದೋಣಿಯತ್ತ ನಡೆದಳು.